ಸೀಸದ ಜೊತೆ ಇಪ್ಪತ್ತು ವರ್ಷ

ಕನ್ನಡಕವನ್ನು ಮೂರನೆಯ ಸಲ ಒರೆಸುತ್ತಿದ್ದೇನೆಂದು ಅವನಿಗೆ ಗೊತ್ತಾದದ್ದು ಹೆಂಡತಿ ಅಡುಗೆಮನೆಯಿಂದ ಕೂಗಿದ ಮೇಲೆ. "ರೀ, ಸಾಕು ಬಿಡಿ. ಗಾಜು ಸವೆದು ಹೋದ್ರೆ ಬರೀ ಕಡ್ಡಿ ಸಿಕ್ಕಿಸ್ಕೊಂಡು ಓಡಾಡ್ಬೇಕಾಗುತ್ತೆ." ಅವಳು ಹೀಗೆ ಇತ್ತ ತಿರುಗುವ ಗಳಿಗೆಯನ್ನೇ ಕಾದಿದ್ದ ಹಾಗೆ ಹಾಲು ಉಕ್ಕಿತು. ಸೀದ ವಾಸನೆ ಅಡುಗೆಮನೆಯ ಬಾಗಿಲು ದಾಟಿ, ಊಟದ ಮೇಜು ದಾಟಿ, ಕಿಟಕಿಯ ಬಳಿ ನಿಂತಿದ್ದ ಅವನ ಮೂಗಿಗೆ ಮುಟ್ಟುವ ತನಕ ಅವನು ಮನಸ್ಸಿನಲ್ಲೇ ಎಣಿಸಿದ. ಒಂಬತ್ತು. ನಿನ್ನೆ ಒಗ್ಗರಣೆ ಸೀದಾಗ ಹನ್ನೊಂದಾಗಿತ್ತು, ಆಗ ಕಿಟಕಿ ತೆರೆದಿತ್ತು. ಉಳಿದ ಗಂಡಂದಿರು ಹಾಲು ಉಕ್ಕಿದರೆ ಓಡಿಹೋಗಿ ಒಲೆ ಆರಿಸುತ್ತಾರೆ, ನನ್ನ ಗಂಡ ನಿಂತು ಮಗ್ಗಿ ಹೇಳುತ್ತಾನೆ ಎಂದು ಅವಳು ಮದುವೆಯಾದ ಹೊಸತರಲ್ಲಿ ತವರಿಗೆ ದೂರು ಕೊಟ್ಟಿದ್ದಳು. ಈಗ ಅವಳಿಗೂ ರೂಢಿಯಾಗಿದೆ. "ಎಷ್ಟು?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಒಲೆ ಒರೆಸಲು ಬಟ್ಟೆ ಹುಡುಕಿದಳು. ಬಟ್ಟೆ ಅವನ ಕೈಯಲ್ಲಿತ್ತು.

ಅವನು ಒಂದು ಹೈಸ್ಕೂಲಿನ ವಿಜ್ಞಾನ ಪ್ರಯೋಗಶಾಲೆಯ ಅಟೆಂಡರ್. ಮಕ್ಕಳು ಇಟ್ಟ ಅಡ್ಡಹೆಸರು ಫಳಫಳ. ಅವನ ಕೈಗೆ ಸಿಕ್ಕ ಗಾಜು, ಹಿತ್ತಾಳೆ, ನಲ್ಲಿ, ಬಾಗಿಲ ಹಿಡಿ ಯಾವುದೂ ಮಂಕಾಗಿ ಉಳಿದದ್ದಿಲ್ಲ. ಒಂಬತ್ತನೇ ತರಗತಿಯ ವಿಸರಣೆಯ ಪಾಠವನ್ನು ಅವನಷ್ಟು ಸಲ ಕೇಳಿದವರು ಬಹುಶಃ ಭೂಮಿಯ ಮೇಲೆ ಇನ್ನೊಬ್ಬರಿಲ್ಲ. ಮಕ್ಕಳು ಒಂದು ಸಲ ಕೇಳಿ ಪಾಸಾಗಿ ಹೋಗುತ್ತಾರೆ. ಇವನು ಇಪ್ಪತ್ತೊಂದು ವರ್ಷದಿಂದ ಅದೇ ಕ್ಲಾಸಿನ ಹಿಂದಿನ ಬಾಗಿಲಲ್ಲಿ ನಿಂತೇ ಇದ್ದಾನೆ. ಪಾಠದ ದಿನ ಕಿಟಕಿ ಮುಚ್ಚಿ ಫ್ಯಾನು ನಿಲ್ಲಿಸುವುದು ಅವನ ಕೆಲಸ. ಮುಂದಿನ ಮೇಜಿನ ಮೇಲೆ ಅತ್ತರಿನ ಶೀಶೆಯ ಮುಚ್ಚಳ ತೆಗೆಯುತ್ತಾರೆ, ವಾಸನೆ ಬಂದವರು ಬಂದ ಹಾಗೆ ಕೈ ಎತ್ತಬೇಕು. ಮೊದಲ ಸಾಲು ಎತ್ತುತ್ತದೆ, ಆಮೇಲೆ ಎರಡನೆಯದು, ಹಾಗೇ ಹಿಂದೆ ಹಿಂದೆ. ಎಲ್ಲರಿಗಿಂತ ಕೊನೆಗೆ ಬಾಗಿಲ ಬಳಿ ಅವನು. ಅವನು ಕೈ ಎತ್ತಿದರೆ ಪ್ರಯೋಗ ಮುಗಿಯಿತು ಎಂದರ್ಥ. ಇದು ಹಳೆ ಮೇಷ್ಟ್ರು ಹಾಕಿಕೊಟ್ಟ ಪದ್ಧತಿ. ಅವರು ನಿವೃತ್ತರಾಗಿ ಹತ್ತು ವರ್ಷವಾದರೂ ಈಗಿನ ಮೇಡಂ ಅದನ್ನು ಬಿಟ್ಟಿಲ್ಲ. ಆ ಕೈ ಎತ್ತುವ ಒಂದು ಗಳಿಗೆ ಅವನಿಗೆ ವರ್ಷದಲ್ಲೇ ಇಷ್ಟವಾದ ಗಳಿಗೆ. ಇವತ್ತು ಬೆಳಿಗ್ಗೆ ಮಾತ್ರ ಅದನ್ನು ನೆನೆದಾಗೆಲ್ಲ ಅವನ ಕೈ ಕನ್ನಡಕದ ಕಡೆಗೇ ಹೋಗುತ್ತಿತ್ತು. ಇವತ್ತು ಮೂರನೇ ಪೀರಿಯಡ್ಡಿನಲ್ಲಿ ಹಳೆ ಮೇಷ್ಟ್ರು ಬರುತ್ತಾರೆ. ತಾವು ಇಪ್ಪತ್ತು ವರ್ಷದ ಹಿಂದೆ ಬಿಗಿದಿಟ್ಟ ಕ್ಲಾಂಪು ಬಿಚ್ಚುತ್ತಾರೆ.

"ನೀವೇನೋ ನುಂಗಿದ ಹಾಗೆ ಇದೀರಿ" ಎಂದಳು ಹೆಂಡತಿ, ಬುತ್ತಿ ಕೈಗೆ ಕೊಡುತ್ತಾ. ನುಂಗಿದ್ದು ನಿಜ. ಹನ್ನೊಂದು ವರ್ಷದ ಹಿಂದೆ ನುಂಗಿದ್ದು, ಇನ್ನೂ ಗಂಟಲು ದಾಟಿಲ್ಲ. ಬಿಸಿ ತುಪ್ಪ, ಉಗುಳಲೂ ಆಗದು ನುಂಗಲೂ ಆಗದು ಎನ್ನುತ್ತಾರಲ್ಲ, ತುಪ್ಪವಾದರೂ ಹನ್ನೊಂದು ವರ್ಷದಲ್ಲಿ ಆರಬೇಕಿತ್ತು. ಬೀದಿಯಲ್ಲಿ ನಡೆಯುತ್ತಾ ಅವನು ಬಸ್‌ಸ್ಟಾಪಿನ ಕಂಬದ ಮೇಲೆ ಯಾರೋ ಅಂಟಿಸಿದ್ದ ಚೀಟಿಯ ಅಂಚನ್ನು ಉಗುರಿನಿಂದ ಕೆರೆದ. ಹೀಗೆ ಕೆರೆಯುವ ಕೈಯೇ ಎಲ್ಲಕ್ಕೂ ಕಾರಣ ಅನ್ನಿಸಿ ಕೈಯನ್ನು ಜೇಬಿಗೆ ಹಾಕಿಕೊಂಡ. ಜೇಬಿನಲ್ಲಿ ಇನ್ನೊಂದು ಬಟ್ಟೆಯಿತ್ತು.

ಮೇಷ್ಟ್ರು ಆಗ ಐವತ್ತರ ಹುರುಪಿನ ಮನುಷ್ಯ. ಅನಿಲದಲ್ಲಿ ಕಣಗಳು ಓಡುತ್ತವೆ, ದ್ರವದಲ್ಲಿ ನಡೆಯುತ್ತವೆ, ಘನದಲ್ಲಿ ತೆವಳುತ್ತವೆ ಎಂದು ಪಾಠ ಮಾಡುತ್ತಿದ್ದಾಗ ಹಿಂದಿನ ಬೆಂಚಿನ ಯಾರೋ ಒಬ್ಬರು, ತೆವಳುವುದನ್ನು ನೀವು ನೋಡಿದೀರಾ ಸರ್ ಎಂದು ಕೇಳಿಬಿಟ್ಟರು. ಪುಸ್ತಕದಲ್ಲಿದೆ ಎಂದು ಹೇಳಿ ಮುಗಿಸಬಹುದಿತ್ತು. ಮೇಷ್ಟ್ರು ಹಾಗೆ ಮಾಡಲಿಲ್ಲ, ಮೂರು ದಿನ ಮುಖ ಕೆಂಪಗೆ ಮಾಡಿಕೊಂಡು ಓಡಾಡಿದರು. ನಾಲ್ಕನೆಯ ದಿನ ಹೆಂಡತಿಯ ಉಂಗುರವನ್ನು ಅಕ್ಕಸಾಲಿಯ ಹತ್ತಿರ ತಟ್ಟಿಸಿ, ಹೆಬ್ಬೆರಳ ಉಗುರಿನಷ್ಟು ಅಗಲದ ಬಿಲ್ಲೆ ಮಾಡಿಸಿ ತಂದರು. ಅಷ್ಟೇ ಅಗಲದ ಸೀಸದ ಬಿಲ್ಲೆಯೊಂದರ ಮೇಲೆ ಅದನ್ನಿಟ್ಟು, ಕಬ್ಬಿಣದ ಕ್ಲಾಂಪಿನಲ್ಲಿ ಬಿಗಿದು, ತಾರೀಖು ಹಾಕಿ ಚೀಟಿ ಬರೆದು ಕಟ್ಟಿದರು: "ಇಪ್ಪತ್ತು ವರ್ಷ ಮುಟ್ಟಬಾರದು." ಅವರು ತಿರುಪು ಬಿಗಿಯುವಾಗ ಕ್ಲಾಂಪು ಅಲುಗದಂತೆ ಹಿಡಿದುಕೊಂಡವನು ಇವನೇ, ಕೆಲಸಕ್ಕೆ ಸೇರಿ ಆಗಿನ್ನೂ ವರ್ಷವಾಗಿತ್ತು. "ನೋಡಯ್ಯಾ, ಇದಕ್ಕೆ ನೀನೇ ಕಾವಲು" ಎಂದಿದ್ದರು. ಮೇಷ್ಟ್ರ ಹೆಂಡತಿ ಎರಡು ತಿಂಗಳು ಅವರೊಡನೆ ಮಾತು ಬಿಟ್ಟಿದ್ದರೆಂದು ಸ್ಟಾಫ್ ರೂಮಿನಲ್ಲಿ ಎಲ್ಲರೂ ನಗುತ್ತಿದ್ದರು.

ಎಂಟು ವರ್ಷ ಕಾವಲು ಕಾದ. ಒಂಬತ್ತನೇ ವರ್ಷದ ಒಂದು ರಜಾದಿನ, ಸ್ಟೋರಿನ ಮೇಲಿನ ಅಟ್ಟಣೆಯ ಧೂಳು ಒರೆಸುವಾಗ ಮೊಣಕೈ ತಗುಲಿ ಕ್ಲಾಂಪು ಕೆಳಗೆ ಬಿತ್ತು. ತಿರುಪಿನ ಎಳೆ ಮುರಿದು ಎರಡು ಬಿಲ್ಲೆಗಳೂ ಬೇರೆ ಬೇರೆ ಮೂಲೆಗೆ ಉರುಳಿದವು. ಇಷ್ಟೇ ಆಗಿದ್ದರೆ ಅವನು ಸಂಜೆಯೇ ಹೋಗಿ ಮೇಷ್ಟ್ರ ಕಾಲು ಹಿಡಿಯುತ್ತಿದ್ದ, ಅವರು ಒಂದೆರಡು ಬೈದು ಬಿಡುತ್ತಿದ್ದರು. ಆದರೆ ಚಿನ್ನದ ಬಿಲ್ಲೆಯನ್ನು ಎತ್ತಿ ನೋಡಿದರೆ ಅದರ ಒಳಮುಖದಲ್ಲಿ ಒಂದು ಬೂದುಬಣ್ಣದ ಕಲೆ. ಪಾಪ, ಅಮ್ಮನವರ ಉಂಗುರ, ಇಷ್ಟು ವರ್ಷ ಇಟ್ಟು ಕೊಳೆಯಾಗಿದೆ ಎಂದುಕೊಂಡ. ಹಿತ್ತಾಳೆ ಉಜ್ಜುವ ಪುಡಿ ಹಾಕಿ ಉಜ್ಜಿದ. ಹೋಗಲಿಲ್ಲ. ನಿಂಬೆಹುಳಿ ಹಾಕಿ ಉಜ್ಜಿದ, ಹೋಗಲಿಲ್ಲ. ಮನೆಗೆ ಹೋಗಿ ಉಂಡು ಮಲಗಿ, ಮಾರನೆಯ ದಿನ ಮತ್ತೆ ಬಂದು, ಹಟ ಹಿಡಿದು ನುಣ್ಣನೆಯ ಮರಳುಕಾಗದದಿಂದ ಮಧ್ಯಾಹ್ನದವರೆಗೆ ಉಜ್ಜಿದ ಮೇಲೆ ಬಿಲ್ಲೆ ಫಳಫಳ ಎಂದಿತು. ಅವನಿಗೆ ಆದ ಸಂತೋಷ ಹೇಳತೀರದು. ಸೀಸದ ಮೇಲಿದ್ದ ಮಸುಕು ಮಚ್ಚೆಯನ್ನೂ ಬಿಡಲಿಲ್ಲ. ಹೊಸ ಕ್ಲಾಂಪಿನಲ್ಲಿ ಬಿಲ್ಲೆಗಳು ಜಾರುತ್ತಿದ್ದವೆಂದು, ಹೆಂಡತಿಯ ಚಪ್ಪಲಿ ಅಂಟಿಸಲು ತಂದಿದ್ದ ಅಂಟನ್ನು ನಡುವೆ ತೆಳ್ಳಗೆ ಸವರಿ, ಬಿಗಿದು, ಹಳೆಯ ಚೀಟಿಯನ್ನು ಹಾಗೇ ಕಟ್ಟಿ, ಇದ್ದಲ್ಲೇ ಇಟ್ಟ. ಮೊದಲಿಗಿಂತ ಗಟ್ಟಿ ಕೆಲಸವೆಂದು ತನ್ನ ಬೆನ್ನು ತಾನೇ ತಟ್ಟಿಕೊಂಡಿದ್ದ.

ಮೂರು ವಾರದ ಮೇಲೆ ಆ ವರ್ಷದ ಪಾಠ ಬಂತು. ಮೇಷ್ಟ್ರು ಪ್ರತಿ ವರ್ಷ ಹೇಳುವ ಮಾತನ್ನೇ ಹೇಳಿದರು: "ಒಂದಿನ ಕ್ಲಾಂಪು ಬಿಚ್ಚಿದಾಗ ಚಿನ್ನದ ಮೇಲೊಂದು ಬೂದಿ ಬಣ್ಣದ ಕಲೆ ಕಾಣುತ್ತೆ ಮಕ್ಕಳೇ. ಸೀಸ ಒಳಗೆ ಹೋಗಿದೆ ಅನ್ನೋದಕ್ಕೆ ಅದೇ ಸಾಕ್ಷಿ." ಆ ಮಾತನ್ನು ಅವನು ಹಿಂದಿನ ಎಂಟು ವರ್ಷವೂ ಕೇಳಿದ್ದ, ಆದರೆ ಕಿಟಕಿಯ ಚಿಲಕದ ಮೇಲೆ ಗಮನವಿಟ್ಟು ಕೇಳಿದ್ದ. ಈ ಸಲ ಅದು ನೇರವಾಗಿ ಎದೆಗೆ ಬಂದು ಕೂತಿತು. ಆ ದಿನ ಅತ್ತರಿನ ವಾಸನೆ ಬಂದರೂ ಕೈ ಎತ್ತಲು ಮರೆತು, "ಏನಯ್ಯಾ, ಮೂಗು ಮನೇಲಿ ಬಿಟ್ಟು ಬಂದ್ಯಾ?" ಎಂದು ಮೇಷ್ಟ್ರು ಕೇಳಿ, ಮಕ್ಕಳೆಲ್ಲ ನಕ್ಕಿದ್ದರು. ಎಂಟು ವರ್ಷ ಕತ್ತಲಲ್ಲಿ ಕೂತು ಎರಡು ಲೋಹ ಮಾಡಿದ ಕೆಲಸವನ್ನು ಅವನು ಒಂದೂವರೆ ದಿನದಲ್ಲಿ ಉಜ್ಜಿ ತೆಗೆದಿದ್ದ. ಹೇಳಬೇಕೆಂದು ಹೊರಟದ್ದು ಎಷ್ಟು ಸಲವೋ. ಮೇಷ್ಟ್ರ ಬೀಳ್ಕೊಡುಗೆಯ ದಿನ, ಹಾರ ತುರಾಯಿ ಎಲ್ಲ ಮುಗಿದು ಅವರು ಒಬ್ಬರೇ ಇದ್ದಾಗ, ಸರ್ ಒಂದು ಮಾತು ಎಂದು ಹತ್ತಿರ ಹೋದ. ಅವರು ತಿರುಗಿ ನೋಡಿದರು. ಬಾಯಿಂದ ಹೊರಟದ್ದು, ಆ ನೆನಪಿನ ಕಾಣಿಕೆಯ ಮೇಲೆ ಬೆರಳ ಗುರುತಾಗಿದೆ, ಕೊಡಿ ಒರೆಸಿ ಕೊಡುತ್ತೇನೆ ಎಂಬ ಮಾತು. ಅವರು ಕಣ್ಣು ತುಂಬಿಕೊಂಡು, "ನಿನ್ನಂಥವನು ಸಿಗಲ್ಲ ಕಣಯ್ಯಾ" ಎಂದಿದ್ದರು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಶಾಲೆಯ ಗೇಟಿನಲ್ಲೇ ಮೇಡಂ ಸಿಕ್ಕರು. ಎರಡು ವರ್ಷದ ಹಿಂದೆ ಬಂದವರು, ಚುರುಕು, ಸ್ಕೂಟರು ನಿಲ್ಲಿಸುವ ಮೊದಲೇ ಮಾತು ಶುರುವಾಗುತ್ತದೆ. ಸ್ಟೋರಿನ ಪಟ್ಟಿ ಮಾಡುವಾಗ ಆ ಚೀಟಿ ಓದಿ, ತಾರೀಖು ಎಣಿಸಿ, ಹಳೆ ಮೇಷ್ಟ್ರ ಮನೆ ಹುಡುಕಿಕೊಂಡು ಹೋಗಿ ಕರೆದವರು ಅವರೇ. "ಏನು, ಇವತ್ತು ನಿಮ್ಮ ಕ್ಲಾಂಪಿನ ದಿನ! ಅದನ್ನ ಒರೆಸ್ಬಿಟ್ಟಿದೀರಾ?" ಎಂದರು ನಗುತ್ತಾ. ಅವನಿಗೆ ಜೀವ ಹಾರಿಹೋಯಿತು. "ಇಲ್ಲ ಮೇಡಂ, ನಾನ್ಯಾಕೆ ಒರೆಸ್ಲಿ, ಮುಟ್ಟೇ ಇಲ್ಲ" ಎಂದ, ಬೇಕಾದ್ದಕ್ಕಿಂತ ಜೋರಾಗಿ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡ ಹಾಗಾಯಿತು. ಮೇಡಂ ಪಾಪ, ಧೂಳು ಒರೆಸಿದ್ದೀರಾ ಎಂದಷ್ಟೇ ಕೇಳಿದ್ದರು. "ಹಾಗಾದ್ರೆ ಒರೆಸಿಬಿಡಿ" ಎಂದು ಹೋದರು.

ಅವನು ಒರೆಸಲಿಲ್ಲ. ಬದಲಿಗೆ ಎತ್ತರದ ಗಾಜಿನ ಜಾಡಿಗೆ ನೀರು ತುಂಬಿ ಕಿಟಕಿಯ ಪಕ್ಕದ ಮೇಜಿನ ಮೇಲಿಟ್ಟ. ಅದು ಪೂರ್ತಿ ನಿಶ್ಚಲವಾಗುವ ತನಕ ಕಾದು, ಇಕ್ಕಳದಿಂದ ಪರ್ಮಾಂಗನೇಟಿನ ಒಂದೇ ಒಂದು ಹರಳನ್ನು ಮೆಲ್ಲನೆ ತಳಕ್ಕೆ ಬಿಟ್ಟ. ಸಾಸಿವೆಯಷ್ಟು ಹರಳು. ಬೀಳುತ್ತಾ ತನ್ನ ಹಿಂದೆ ಒಂದು ನೇರಳೆ ಎಳೆ ಬಿಟ್ಟುಕೊಂಡು ಹೋಗಿ ತಳ ಸೇರಿತು. ಯಾರೂ ಕಲಕದಿದ್ದರೂ, ಅಲುಗಿಸದಿದ್ದರೂ, ಸಂಜೆಯ ಹೊತ್ತಿಗೆ ಬಣ್ಣ ಅರ್ಧ ಜಾಡಿಗೆ ಏರಿರುತ್ತದೆ. ನಾಳೆಗೋ ನಾಡಿದ್ದಿಗೋ ಇಡೀ ಜಾಡಿಯಲ್ಲಿ ಈ ಹನಿ ಬಣ್ಣದ್ದು, ಈ ಹನಿ ನೀರಿನದು ಎಂದು ಹೇಳಲಾಗದು. ತಡೆಯುವುದು ಹೇಗೆ ಎಂದು ಹೊಸದಾಗಿ ಬಂದ ಕಾಲದಲ್ಲಿ ಮೇಷ್ಟ್ರನ್ನು ಕೇಳಿದ್ದ. "ತಡೆಯೋಕಾಗಲ್ಲ ಕಣಯ್ಯಾ, ಬೇಕಾದ್ರೆ ತಣ್ಣೀರು ಹಾಕು, ನಿಧಾನ ಆಗುತ್ತೆ ಅಷ್ಟೆ" ಎಂದಿದ್ದರು. ಅವನು ಹನ್ನೊಂದು ವರ್ಷದಿಂದ ತಣ್ಣೀರು ಹಾಕುತ್ತಲೇ ಇದ್ದಾನೆ. ಈಗ ಹೇಳಿಬಿಡಲೇ, ಅವರು ಬಂದ ಕೂಡಲೇ, ಕ್ಲಾಸಿಗೆ ಮುಂಚೆ, ಕಾರಿಡಾರಿನಲ್ಲೇ? ಹೇಳಿದರೆ ಎಪ್ಪತ್ತು ದಾಟಿದ ಮನುಷ್ಯನಿಗೆ ಇನ್ನೊಂದು ಇಪ್ಪತ್ತು ವರ್ಷ ಎಲ್ಲಿಂದ ತಂದು ಕೊಡುವುದು? ಅವನಿಗೆ ನಿಜವಾಗಿ ಹೆದರಿಕೆಯಿದ್ದದ್ದು ಕೆಲಸದ ಬಗ್ಗೆಯಲ್ಲ. ಆ ಮುಖ ಇಳಿಯುವುದನ್ನು ನೋಡಬೇಕಲ್ಲ ಎಂಬುದೇ ಅವನ ಹೆದರಿಕೆ.

ಮೇಷ್ಟ್ರು ಹೆಂಡತಿಯೊಡನೆ ಆಟೋದಲ್ಲಿ ಬಂದರು. ಸಣ್ಣಗಾಗಿದ್ದರು, ಅಂಗಿಯ ಕಾಲರಿನಲ್ಲಿ ಕುತ್ತಿಗೆ ಸಡಿಲವಾಗಿ ಓಡಾಡುತ್ತಿತ್ತು. ಆದರೆ ಇವನನ್ನು ಕಂಡದ್ದೇ ಕೈ ಮೇಲೆತ್ತಿ, "ಏನಯ್ಯಾ, ಕಾವಲುಗಾರ!" ಎಂದರು. ಇವನಿಗೆ ಕಾರಿಡಾರಿನ ಮಾತೆಲ್ಲ ಆವಿಯಾಗಿ ಹೋಯಿತು. ಅಮ್ಮನವರು ಮೆಟ್ಟಿಲು ಹತ್ತುತ್ತಾ, "ಇಪ್ಪತ್ತು ವರ್ಷದಿಂದ ನನ್ನ ಉಂಗುರ ಆ ಸೀಸದ ಜೊತೆ ಸಂಸಾರ ಮಾಡ್ತಾ ಇದೆ. ಏನು ಹೆತ್ತಿದೆಯೋ ನೋಡೋಣ ಅಂತ ಬಂದೆ" ಎಂದರು. ಮೇಡಂ ಜೋರಾಗಿ ನಕ್ಕರು. ಅವನೂ ನಕ್ಕ, ನಕ್ಕದ್ದು ತನಗೇ ಕೇಳಿಸಿ ನಿಲ್ಲಿಸಿದ.

ಮೂರನೇ ಪೀರಿಯಡ್ಡು. ಕಿಟಕಿ ಮುಚ್ಚಿ, ಫ್ಯಾನು ನಿಲ್ಲಿಸಿ, ಅವನು ತನ್ನ ಬಾಗಿಲಿಗೆ ಹೋಗಿ ನಿಂತ. ಮೇಡಂ ಅತ್ತರಿನ ಮುಚ್ಚಳ ತೆಗೆದರು. ಮೊದಲ ಬೆಂಚಿನ ಕೈಗಳು ತಕ್ಷಣವೇ ಎದ್ದವು, ಅವರಲ್ಲಿ ಅರ್ಧ ಜನ ವಾಸನೆಗಿಂತ ಮೊದಲೇ ಎತ್ತುವವರು. ಎರಡನೆಯದು, ಮೂರನೆಯದು. ಕೊನೆಯ ಬೆಂಚಿನಲ್ಲಿ ಎರಡು ಜಡೆಯ ಒಬ್ಬಳು ಕಣ್ಣು ಮುಚ್ಚಿ, ಮೂಗು ಮುಂದೆ ಮಾಡಿ, ಸುಳ್ಳು ಹೇಳಬಾರದೆಂಬ ಪಣ ತೊಟ್ಟವಳಂತೆ ಕಾದು ಕಾದು ಕೈ ಎತ್ತಿದಳು. ಆಮೇಲೆ ಅವನು. "ಮುಗೀತು!" ಎಂದರು ಮೇಷ್ಟ್ರು, ಅತಿಥಿಯ ಕುರ್ಚಿಯಿಂದಲೇ, ಹಳೆಯ ದನಿಯಲ್ಲಿ. ಕಿಟಕಿ ತೆರೆದದ್ದಾಯಿತು, ಫ್ಯಾನು ಹಾಕಿದ್ದಾಯಿತು, ವಾಸನೆ ಹೋಯಿತು. ನೇರಳೆ ಜಾಡಿಯನ್ನು ಎಲ್ಲರೂ ಸಾಲಾಗಿ ಬಂದು ನೋಡಿದರು. ಬಣ್ಣ ಅಷ್ಟು ಹೊತ್ತಿಗೆ ಎರಡು ಬೆರಳಗಲ ಏರಿತ್ತು. ಮೇಡಂ ಹಲಗೆಯ ಮೇಲೆ ಬರೆಯುತ್ತಾ ಹೇಳಿದರು: ಅನಿಲಕ್ಕೆ ಅರೆನಿಮಿಷ, ದ್ರವಕ್ಕೆ ಒಂದೆರಡು ದಿನ, ಘನಕ್ಕೆ ನೋಡಿ, ನಿಮ್ಮೆಲ್ಲರ ವಯಸ್ಸಿಗಿಂತ ಹೆಚ್ಚು. ಮಕ್ಕಳು ಕ್ಲಾಂಪನ್ನು ನೋಡಿದರು. ಅದು ಇಡೀ ಕೋಣೆಯಲ್ಲಿ ಧೂಳಿದ್ದ ಒಂದೇ ವಸ್ತು.

ಮೇಷ್ಟ್ರು ಚೀಟಿ ಬಿಚ್ಚಿ, ಮಡಿಚಿ ಜೇಬಿನಲ್ಲಿಟ್ಟುಕೊಂಡರು. ತಿರುಪು ತಿರುಗಿಸಿದರು. ಬಿಲ್ಲೆಗಳು ಹೊರಗೆ ಬಂದವು, ಒಂದೇ ತುಂಡಾಗಿ. ಮೇಷ್ಟ್ರು ಬೆರಳಿನಿಂದ ಜಗ್ಗಿದರು. ಚಾಕುವಿನ ತುದಿಯನ್ನು ಸಂದಿಗೆ ಹಿಡಿದು ಮೀಟಿದರು. ಬಿಡಲಿಲ್ಲ. "ಬರ್ತಾ ಇಲ್ಲ" ಎಂದರು, ಮೆಲ್ಲಗೆ. ಆಮೇಲೆ ಮಕ್ಕಳ ಕಡೆ ತಿರುಗಿ, "ಬರ್ತಾ ಇಲ್ಲ ಮಕ್ಕಳೇ! ಎರಡೂ ಒಂದಾಗಿವೆ!" ಎಂದು ಕೂಗಿದರು. ಕ್ಲಾಸು ಚಪ್ಪಾಳೆ ಹೊಡೆಯಿತು. ಮೇಡಂ ಫೋನಿನಲ್ಲಿ ಫೋಟೊ ತೆಗೆದರು. ಅಮ್ಮನವರು ಸೆರಗಿನಿಂದ ಮೂಗು ಒರೆಸಿಕೊಂಡು, "ಅಂತೂ ನನ್ನ ಉಂಗುರ ವಾಪಸ್ ಬರೋ ಹಾಗಿಲ್ಲ" ಎಂದರು. ಅವನು ಗೋಡೆಗೆ ಒರಗಿದ. ಬದುಕಿದೆ ಅನ್ನಿಸಿತು. ಚಪ್ಪಲಿ ಅಂಟು ಅವನ ಮಾನ ಕಾದಿತ್ತು. ಇನ್ನು ಅವನು ಮಾಡಬೇಕಾದ್ದು ಏನೂ ಇಲ್ಲ, ಬಾಯಿ ಮುಚ್ಚಿಕೊಂಡಿದ್ದರೆ ಸಾಕು, ಅದು ಅವನಿಗೆ ಹನ್ನೊಂದು ವರ್ಷದ ಅಭ್ಯಾಸ. ಮೇಷ್ಟ್ರ ಮುಖದಲ್ಲಿ ಐವತ್ತರ ಬಣ್ಣ ಬಂದಿತ್ತು. ಇಷ್ಟೊಂದು ಸಂತೋಷಕ್ಕೆ ಒಂದು ತೊಟ್ಟು ಅಂಟು ಕಾರಣವಾದರೆ ಯಾರ ಗಂಟು ಹೋಯಿತು ಎಂದು ತನ್ನನ್ನೇ ಕೇಳಿಕೊಂಡ. ಕೇಳಿಕೊಂಡದ್ದಕ್ಕೇ ನಾಚಿಕೆಯಾಯಿತು, ಬೇರೆಯವರ ಮದುವೆಯ ಊಟಕ್ಕೆ ಕರೆಯದೆ ಹೋಗಿ ಕೂತವನಂತೆ.

"ಇರಿ ಇರಿ" ಎಂದು ಮೇಷ್ಟ್ರು ಚಪ್ಪಾಳೆ ನಿಲ್ಲಿಸಿದರು. "ಒಂದು ಅನುಮಾನ ಪರಿಹಾರ ಮಾಡ್ಕೋಬೇಕು. ಜಿಡ್ಡು ಕೂತ್ಕೊಂಡ್ರೂ ಲೋಹ ಹೀಗೆ ಹಿಡ್ಕೊಳ್ಳುತ್ತೆ. ಸ್ವಲ್ಪ ಬೆಚ್ಚಗೆ ಮಾಡಿ ನೋಡೋಣ. ಜಿಡ್ಡಾದ್ರೆ ಬಿಡುತ್ತೆ, ನಿಜವಾಗಿ ಬೆರೆತಿದ್ರೆ ಬಿಡಲ್ಲ. ಏನಯ್ಯಾ, ದೀಪ ತಾ." ಅವನ ಕಾಲುಗಳು ನೆಲಕ್ಕೆ ಅಂಟಿದವು. ಸ್ಪಿರಿಟ್ ಮುಗಿದಿದೆ ಎನ್ನಬಹುದಿತ್ತು. ಆದರೆ ದೀಪ ಎದುರಿಗೇ ಇತ್ತು, ಕಂಠದ ತನಕ ತುಂಬಿ, ಬತ್ತಿ ಕತ್ತರಿಸಿ, ಗಾಜು ಮಿರಮಿರ ಮಿನುಗುವಂತೆ ಬೆಳಿಗ್ಗೆ ಅವನೇ ಒರೆಸಿಟ್ಟದ್ದು. ಮಾಡಿದ್ದುಣ್ಣೋ ಮಹರಾಯ. ಜ್ವಾಲೆ ಅಲುಗದಿರಲೆಂದು ಅವನೇ ಕಿಟಕಿ ಮುಚ್ಚಿದ, ಫ್ಯಾನು ನಿಲ್ಲಿಸಿದ, ಕಡ್ಡಿ ಗೀರಿ ಹಚ್ಚಿದ. ಇಕ್ಕಳವನ್ನು ಮೇಷ್ಟ್ರು ಬಿಟ್ಟುಕೊಡಲಿಲ್ಲ. ಅವನು ಹಿಂತಿರುಗಿ ಬೆಂಚುಗಳ ನಡುವೆ ನಡೆದು ಬಾಗಿಲಿಗೆ ಬಂದು ನಿಂತ. ಆ ಬಾಗಿಲಿನಿಂದ ಹೊರಗೆ ಹೋಗಿಬಿಡಬಹುದು ಎಂಬುದು ಹೊಳೆಯಿತು. ಹೋಗಲಿಲ್ಲ. ಏಕೆ ಹೋಗಲಿಲ್ಲವೆಂದು ಆಮೇಲೆ ಹೆಂಡತಿ ಕೇಳಿದಾಗ, ನನ್ನ ಜಾಗ ಅದೇ ಅಲ್ಲವೇ ಎಂದಷ್ಟೇ ಹೇಳಲು ಅವನಿಗೆ ಬಂತು.

ಮೊದಲ ಬೆಂಚಿನವನೊಬ್ಬ ಕೈ ಎತ್ತಿದ. ಯಾರೂ ಕೇಳಿರಲಿಲ್ಲ, ಹಿಂದಿನ ಪ್ರಯೋಗದ ಗುಂಗಿನಲ್ಲೇ ಎತ್ತಿದ್ದು. ಪಕ್ಕದವನೂ ಎತ್ತಿದ. "ಏನಪ್ಪಾ?" ಎಂದರು ಮೇಷ್ಟ್ರು, ಜ್ವಾಲೆಯಿಂದ ಕಣ್ಣು ತೆಗೆಯದೆ. "ವಾಸನೆ ಬಂತು ಸರ್." "ಲೋಹಕ್ಕೆ ಎಂಥ ವಾಸನೆ? ಸ್ಪಿರಿಟ್‌ದು ಇರ್ಬೇಕು." "ಅಲ್ಲ ಸರ್, ಚಪ್ಪಲಿ ರಿಪೇರಿ ಅಂಗಡಿ ವಾಸನೆ." ಎರಡನೇ ಸಾಲಿನ ಕೈಗಳು ಎದ್ದವು. ಮಕ್ಕಳಿಗೆ ಇದೊಂದು ಮೋಜಾಗಿತ್ತು, ಕಿಸಿಕಿಸಿ ನಗುತ್ತಾ ಎತ್ತುತ್ತಿದ್ದರು. ಮೂರನೇ ಸಾಲು. ಅವನು ನೋಡುತ್ತಾ ನಿಂತ. ಅದು ಬರುತ್ತಿರುವುದು ಕಣ್ಣಿಗೇ ಕಾಣುತ್ತಿತ್ತು, ಒಂದೊಂದು ಬೆಂಚನ್ನೂ ಕೇಳಿಕೊಂಡು, ಅವನ ವಿಳಾಸ ವಿಚಾರಿಸಿಕೊಂಡು ಬರುವ ಹಾಗೆ. ನಾಲ್ಕನೇ ಸಾಲು. ಎರಡು ಜಡೆಯವಳು ಕಣ್ಣು ಮುಚ್ಚಿ ಕಾದು, ಎತ್ತಿದಳು. ಮುಂದೆ ಮೇಜಿನ ಮೇಲೆ ಟಿಕ್ಕೆಂದು ಸದ್ದಾಯಿತು. ಬಿಲ್ಲೆಗಳು ಬಿಟ್ಟುಕೊಂಡು ಚಿನ್ನದ್ದು ಕೆಳಗೆ ಬಿದ್ದಿತ್ತು. ಎರಡರ ನಡುವೆ ಹಳದಿ ಅಂಟು ಎಳೆ ಎಳೆಯಾಗಿ ಜೋತಿತ್ತು. ಮೇಷ್ಟ್ರು ಅದನ್ನೇ ನೋಡುತ್ತಾ ನಿಂತರು. ಎದ್ದ ಕೈಗಳು ಒಂದೊಂದಾಗಿ ಇಳಿದವು. ಆಗ ವಾಸನೆ ಅವನ ಮೂಗಿಗೆ ಬಂತು, ಹನ್ನೊಂದು ವರ್ಷದ ಹಿಂದಿನ ಆ ಮಧ್ಯಾಹ್ನದ ಸ್ಟೋರಿನಲ್ಲಿ ಇದ್ದ ಹಾಗೇ, ಒಂದಿಷ್ಟೂ ಹಳಸದೆ.

ಅವನು ಕೈ ಎತ್ತಿದ. "ಸರ್, ನಂಗೂ ಬಂತು" ಎಂದ. ಎಲ್ಲರೂ ತಿರುಗಿದರು. "ಅದು ನಂದೇ ಸರ್. ನಾನೇ ಅಂಟಿಸಿದ್ದು."

ಕೈ ಎತ್ತಿಕೊಂಡೇ ಹೇಳಿದ. ಬಿದ್ದದ್ದು, ತಿರುಪು ಮುರಿದದ್ದು, ಹೊಸ ಕ್ಲಾಂಪು, ಅಂಟು. ಮೇಡಂ, "ಅಯ್ಯೋ ದೇವರೇ, ಹನ್ನೊಂದು ವರ್ಷ ಬಾಯಿ ಮುಚ್ಕೊಂಡಿದ್ರಾ? ಬೆಳಿಗ್ಗೆ ಕೇಳಿದ್ರೆ ಮುಟ್ಟೇ ಇಲ್ಲ ಅಂದ್ರಲ್ಲ!" ಎಂದರು, ಮಕ್ಕಳೆದುರಿಗೇ. ಅವನು ಹೌದೆಂದು ತಲೆಯಾಡಿಸಿದ. ಮೇಷ್ಟ್ರು ದೀಪಕ್ಕೆ ಮುಚ್ಚಳ ಹಾಕಿ ಆರಿಸಿ ಕುರ್ಚಿಯಲ್ಲಿ ಕೂತರು. ಮುಖ ಇಳಿಯಿತು, ಅವನು ಹೆದರಿದ್ದಂತೆಯೇ ಒಂದು ಕ್ಷಣದಲ್ಲಿ ಎಪ್ಪತ್ತು ದಾಟಿ ಇನ್ನೂ ಮುಂದಕ್ಕೆ ಹೋಯಿತು. "ಹೋಗ್ಲಿ ಬಿಡು" ಎಂದರು. "ಹೇಗೂ ಏನೂ ಆಗಿರಲ್ಲ. ಆಗುತ್ತೆ ಅಂತ ಇಷ್ಟು ವರ್ಷ ಮಕ್ಕಳಿಗೆ ನಾನೇ ಸುಳ್ಳು ಹೇಳ್ದೆನೋ ಏನೋ." ಆ ಮಾತು ಅವನಿಗೆ ತಡೆಯಲಾಗಲಿಲ್ಲ. ಅದುವರೆಗೆ ಅವನು ಎಲ್ಲ ಹೇಳಿ ಕಲೆಯೊಂದನ್ನು ಉಳಿಸಿಕೊಂಡಿದ್ದ. ಬಿದ್ದದ್ದು ಕೈತಪ್ಪು, ಉಜ್ಜಿದ್ದು ಅವನ ಇಡೀ ಸ್ವಭಾವ. ಅದನ್ನು ಹೇಳುವುದೆಂದರೆ ನಲವತ್ತು ಮಕ್ಕಳ ಮುಂದೆ ಬಟ್ಟೆ ಕಳಚಿದಂತೆ.

"ಸುಳ್ಳಲ್ಲ ಸರ್, ಆಗಿತ್ತು" ಎಂದ. "ಕಲೆ ಇತ್ತು. ನಾನು ಅದನ್ನ ಕೊಳೆ ಅಂದ್ಕೊಂಡು ಉಜ್ಜಿ ತೆಗ್ದೆ."

"ಏನಂದೆ?"

"ಬೂದಿ ಬಣ್ಣದ ಕಲೆ ಸರ್, ಚಿನ್ನದ ಮೇಲೆ. ಸೀಸದ ಮೇಲೂ ಒಂದು ಮಸುಕು ಮಚ್ಚೆ."

ಮೇಷ್ಟ್ರು ಕುರ್ಚಿಯಿಂದ ಎದ್ದರು. "ಕ್ಲಾಂಪಿನ ತುಕ್ಕು ಇರ್ಬಹುದಲ್ಲ? ಧೂಳು? ಬೆವರು?"

"ಇಲ್ಲ ಸರ್" ಎಂದ ಅವನು. ಇದೊಂದು ವಿಷಯದಲ್ಲಿ ಅವನಿಗೆ ಯಾರ ಅಪ್ಪಣೆಯೂ ಬೇಕಿರಲಿಲ್ಲ. "ಮೇಲಿನ ಕೊಳೆ ಆಗಿದ್ರೆ ನನ್ನ ಕೈಯಲ್ಲಿ ಎರಡು ನಿಮಿಷ. ಇದು ಪುಡಿಗೆ ಹೋಗ್ಲಿಲ್ಲ, ಹುಳಿಗೆ ಹೋಗ್ಲಿಲ್ಲ. ಒಂದೂವರೆ ದಿನ ಸರ್. ಉಜ್ಜಿದಷ್ಟೂ ಕೆಳಗಡೆ ಇನ್ನೂ ಇತ್ತು. ಚಿನ್ನಾನೇ ಒಂದು ಪದರ ತೆಗ್ದ ಮೇಲೆ ಹೋಯ್ತು. ಅದು ಮೇಲೆ ಕೂತಿದ್ದಲ್ಲ, ಒಳಗೆ ಹೋಗಿದ್ದು."

"ಒಳಗೆ ಹೋಗಿತ್ತು!" ಎಂದರು ಮೇಷ್ಟ್ರು. ಬೆಂಚಿಗೆ ಎಡವುತ್ತಾ ಅವನ ಕಡೆಗೇ ಬಂದರು. ಹೊಡೆಯುತ್ತಾರೆಂದುಕೊಂಡ, ಹೊಡೆಯಲಿ ಎಂದೂ ಅಂದುಕೊಂಡ. ಅವರು ಅವನ ಎರಡೂ ತೋಳು ಹಿಡಿದು ಅಲ್ಲಾಡಿಸಿದರು. "ಎಂಟೇ ವರ್ಷಕ್ಕೆ! ಕತ್ತೆ, ಮೊದಲೇ ಹೇಳೋದಲ್ವಾ? ನಾನು ಇಪ್ಪತ್ತು ವರ್ಷಕ್ಕೂ ಆಗುತ್ತೋ ಇಲ್ವೋ ಅಂತ ಒಂದೊಂದು ದಿನ ನಿದ್ದೆ ಕೆಡಿಸ್ಕೊಂಡಿದೀನಿ. ಎಷ್ಟು ದೊಡ್ಡದಿತ್ತು? ದುಂಡಗಿತ್ತಾ? ಅಂಚು ಚೂಪಾಗಿತ್ತಾ, ಮಸುಕಾಗಿತ್ತಾ?" ಅಮ್ಮನವರು ಮುಂದಿನಿಂದ, "ಅಂದ್ರೆ ನನ್ನ ಉಂಗುರ ತೇದು ತೇದು ತೆಳ್ಳಗೆ ಮಾಡಿದ್ದು ನೀನೇ ಅನ್ನು" ಎಂದರು. ಮಕ್ಕಳು ಮೊದಲು ನಕ್ಕರು, ಆಮೇಲೆ ಮೇಡಂ, ಕೋಪ ಪೂರ್ತಿ ಇಳಿಯದೆಯೇ.

ಮೇಷ್ಟ್ರು ಅವನ ಕೈಹಿಡಿದು ಬೆಂಚುಗಳ ನಡುವೆ ಎಳೆದುಕೊಂಡು ಹೋಗಿ ಕಪ್ಪು ಹಲಗೆಯ ಮುಂದೆ ನಿಲ್ಲಿಸಿ ಚಾಕ್‌ಪೀಸು ಕೊಟ್ಟರು. ಇಪ್ಪತ್ತೊಂದು ವರ್ಷದಲ್ಲಿ ಅವನು ಆ ಹಲಗೆಯ ಮೇಲೆ ಏನೂ ಬರೆದವನಲ್ಲ, ಒರೆಸಿದವನು ಮಾತ್ರ. ಬಿಲ್ಲೆಯನ್ನು ತಟ್ಟೆಯಷ್ಟು ದೊಡ್ಡದಾಗಿ ಬರೆದ. ಕಲೆ ನಟ್ಟನಡುವೆ ಇರಲಿಲ್ಲ, ತುಸು ಎಡಕ್ಕೆ, ಕಡಲೆಕಾಳಿನ ಆಕಾರ, ಒಂದು ಕಡೆ ಬಾಲದ ಹಾಗೆ ಎಳೆದಿತ್ತು. ಒಂದೂವರೆ ದಿನ ಕಣ್ಣಿಟ್ಟು ದ್ವೇಷಿಸಿದ ಕಲೆ, ಅದರ ಒಂದು ಅಂಚೂ ಮರೆತಿರಲಿಲ್ಲ. ಚಾಕಿನ ಪಕ್ಕೆಯಿಂದ ಬಣ್ಣ ತುಂಬಿ, ಅಂಚನ್ನು ಬೆರಳಿನಿಂದ ಸವರಿ ಮಸುಕು ಮಾಡಿದ. ಹಿಂದೆ ಕ್ಲಾಸು ಸದ್ದಿಲ್ಲದೆ ನೋಟ್‌ಬುಕ್ಕಿನಲ್ಲಿ ಅದನ್ನು ಬರೆದುಕೊಳ್ಳುತ್ತಿತ್ತು. ಎರಡು ಜಡೆಯವಳು, "ಬಾಲ ಯಾವ ಕಡೆ ಸರ್?" ಎಂದು ಕೇಳಿದಳು. ಸರ್ ಎಂದು ಯಾರನ್ನು ಕರೆದಳೆಂದು ಅವನು ಸುತ್ತ ನೋಡಿದ. ಅವಳು ತನ್ನನ್ನೇ ನೋಡುತ್ತಿದ್ದಳು. "ಬಲಕ್ಕೆ, ಸ್ವಲ್ಪ ಕೆಳಕ್ಕೆ" ಎಂದ. ಮೇಷ್ಟ್ರು ಚಾಕ್‌ಪೀಸು ತೆಗೆದುಕೊಂಡು ಚಿತ್ರದ ಕೆಳಗೆ ದೊಡ್ಡ ಅಕ್ಷರದಲ್ಲಿ ಬರೆದರು: "ಚಿನ್ನದಲ್ಲಿ ಸೀಸ. ಒಂಬತ್ತನೇ ವರ್ಷ. ಕಣ್ಣಾರೆ ಕಂಡವರು: ಅಟೆಂಡರ್."

ಗಂಟೆ ಹೊಡೆಯಿತು. ಮಕ್ಕಳು ಗಲಾಟೆ ಮಾಡುತ್ತಾ ಹೊರಗೆ ಹೋದರು. ಬಿಲ್ಲೆಗಳ ಅಂಟು ತೆಗೆದು ಮತ್ತೆ ಬಿಗಿಯುವುದೋ ಮನೆಗೆ ಒಯ್ಯುವುದೋ ಎಂದು ಗಂಡಹೆಂಡಿರು ಕಾರಿಡಾರಿನಲ್ಲಿ ವಾದ ಮಾಡುತ್ತಿದ್ದರು. ಇನ್ನೆಂಟು ವರ್ಷ ತಾನೇ, ಇದ್ದರೆ ಬಂದು ನೋಡೋಣ ಎನ್ನುತ್ತಿದ್ದವರು ಅಮ್ಮನವರೇ. ಅವನು ಕಿಟಕಿಗಳನ್ನು ತೆರೆದ, ಫ್ಯಾನು ಹಾಕಿದ. ಅಂಟಿನ ವಾಸನೆ ತೆಳ್ಳಗಾಗುತ್ತಾ ಹೋಯಿತು. ದೀಪ ಒಳಗಿಟ್ಟು, ಮೇಜು ಒರೆಸಿ, ಡಸ್ಟರ್ ತೆಗೆದುಕೊಂಡು ಹಲಗೆಯನ್ನು ಬಲಗಡೆಯಿಂದ ಎಂದಿನ ಹಾಗೆ ಉದ್ದುದ್ದ ಎಳೆತದಲ್ಲಿ ಒರೆಸುತ್ತಾ ಬಂದ. ಮೇಡಂ ಬರೆದ ತಾರೀಖು ಹೋಯಿತು, ಅನಿಲ ಹೋಯಿತು, ದ್ರವ ಹೋಯಿತು. ಕಡಲೆಕಾಳಿನ ಬಾಲದ ಹತ್ತಿರ ಬಂದಾಗ ಕೈ ತಾನಾಗಿಯೇ ನಿಂತಿತು. ಅವನು ಡಸ್ಟರನ್ನು ಕೆಳಗಿಟ್ಟು, ಹೋಗಿ ತನ್ನ ಬಾಗಿಲ ಬಳಿ ನಿಂತು, ಅಲ್ಲಿಂದ ಕಲೆ ಕಾಣುತ್ತದೆಯೇ ಎಂದು ನೋಡಿದ. ಕಾಣುತ್ತಿತ್ತು.